ತೀರ್ಥಹಳ್ಳಿಯಿಂದ ಬಂದ ದೊಡ್ಡ ದೋಣಿ

ದೋಣಿ ಆರಿಸುವುದು ಅಂಗಿ ಹೊಲಿದಷ್ಟೇ ಸುಲಭ ಎಂದು ತಿಳಿದಿದ್ದೆ. ನಾನು ಟೈಲರ್.

ಶರಾವತಿಗೆ ಅಣೆಕಟ್ಟು ಕಟ್ಟಿ ಮುಗಿದು, ಆ ಮಳೆಗಾಲ ಹೊಸನಗರದ ಕಡೆಯ ನಮ್ಮೂರಿನ ಬುಡಕ್ಕೆ ಮೊದಲ ಸಲ ಹಿನ್ನೀರು ಬಂದು ನಿಂತಿತು. ಆಚೆ ದಡದಲ್ಲಿ ನನ್ನ ಹೆಂಡತಿ ಸರೋಜಳ ತವರು. ಮೊದಲಾದರೆ ಬಾಯಿಗೆ ಎಲೆಯಡಿಕೆ ಹಾಕಿಕೊಂಡು ಹೊರಟರೆ ಅದನ್ನು ಉಗುಳುವುದರೊಳಗೆ ತಲುಪುವ ದಾರಿ. ಈಗ ಸಾಗರ ಪೇಟೆಯ ಮೇಲೆ ಸುತ್ತಿಕೊಂಡು ಬಸ್ಸಿನಲ್ಲಿ ಹೋಗಬೇಕು. ಬಸ್ ಹತ್ತಿದರೆ ಸರೋಜಳಿಗೆ ವಾಂತಿ. ಮಳೆಗಾಲ ಕಳೆದರೂ ಅವಳು ಅಮ್ಮನ ಮುಖ ನೋಡಿರಲಿಲ್ಲ.

"ನಮ್ದೇ ದೋಣಿ ತರ್ತೀನಿ. ಸಂಸಾರ ಸಮೇತ ತೇಲ್ಕೊಂಡು ಹೋಗಿ ಬರೋಣ. ಭಾನುವಾರದ ವಿಹಾರಾನೂ ಆಯ್ತು" ಎಂದೆ.

ದೀಪಾವಳಿ ಮುಗಿಸಿ ಇಬ್ಬರೂ ತೀರ್ಥಹಳ್ಳಿಗೆ ಹೋದೆವು. ಹೊಳೆ ದಡದವರೊಬ್ಬರು ಎರಡು ದೋಣಿ ಮಾರಲು ಇಟ್ಟಿದ್ದರು. ಚಿಕ್ಕದರಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು ಮೊಣಕಾಲು ಮಡಚಿ ಕೂರಬಹುದು. ದೊಡ್ಡದರಲ್ಲಿ ಮದುವೆ ದಿಬ್ಬಣವೇ ಹೋಗಬಹುದು.

"ಚಿಕ್ಕದು ಸಾಕು. ಇಬ್ರು ಹೊತ್ಕೊಂಡು ಹೋಗ್ಬಹುದು" ಎಂದಳು, ಬಸ್ಸಿನ ಸಂಕಟದಿಂದ ಇನ್ನೂ ಸುಧಾರಿಸಿಕೊಳ್ಳುತ್ತಿದ್ದ ಸರೋಜ.

"ದೋಣಿ ನಮ್ಮನ್ನ ಹೊರೋದೋ, ನಾವು ದೋಣೀನ ಹೊರೋದೋ? ಮಕ್ಕಳು ಬೆಳೀತಾರೆ. ಬಟ್ಟೆಗೆ ಒಳಮಡಿಕೆ ಬಿಡ್ತೀನಲ್ಲ, ಹಂಗೆ."

"ನಿಮ್ಮ ಒಳಮಡಿಕೆ ಬಿಚ್ಚೋಷ್ಟ್ರಲ್ಲಿ ಬಟ್ಟೇನೇ ಹರಿದಿರುತ್ತೆ ಮಾರಾಯ್ರೆ."

ದೊಡ್ಡದೇ ಲಾರಿ ಹತ್ತಿತು. ನಮ್ಮೂರ ನೀರಂಚಿಗೆ ಇಳಿಸಿದೆವು. ಅವತ್ತೇ ಹೊರಡಬಹುದಿತ್ತು. ಆದರೆ ಬಣ್ಣ ಬಳಿಯುವುದು ಬೇಡವೇ? ಬಣ್ಣ ಒಣಗುವಷ್ಟರಲ್ಲಿ ಧನುರ್ಮಾಸ ಬಂತು.

"ಶೂನ್ಯಮಾಸದಲ್ಲಿ ಹೊಸ ವಾಹನ ಹತ್ತತಕ್ಕದ್ದಲ್ಲ. ಸಂಕ್ರಾಂತಿ ಕಳೀಲಿ" ಎಂದು ಘೋಷಿಸಿದೆ.

"ನೀರು ದಿನಾ ಹಿಂದೆ ಸರೀತಿದೆ, ನೋಡಿದ್ರಾ?"

"ಸರ್ಕಾರ ತುಂಬಿಸಿದ ನೀರು. ಅದೆಲ್ಲಿಗೆ ಹೋಗುತ್ತೆ?"

ಹೋಯಿತು. ಕರೆಂಟು ಮಾಡಲು ದಿನಾ ಬಿಡುತ್ತಾರಂತೆ. ನಾನು ಪಂಚಾಂಗ ನೋಡುತ್ತಾ ಕೂತೆ. ನೀರು ನೋಡಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ದೋಣಿಗೆ ಕುಂಕುಮವಿಟ್ಟು, ಕಾಯಿ ಒಡೆದು, ತಲೆಯೆತ್ತಿದರೆ ನೀರು ಒಂದು ಕೂಗಳತೆ ದೂರ. ಊರವರು ಬಂದು ಹಗ್ಗ ಹಿಡಿದರು. ದೋಣಿ ಎರಡು ಮಾರು ಹೋಗಿ ಕೆಸರಿನಲ್ಲಿ ಕೂತಿತು. ಪಕ್ಕದ ಮನೆಯ ತಿಮ್ಮಣ್ಣ ಸೊಂಟ ಹಿಡಿದುಕೊಂಡ.

"ಟೈಲರ್ರೇ, ಒಳಗೆ ಯಾರಾದ್ರೂ ಕೂತಿದಾರಾ ಅಂತ ಒಂಚೂರು ನೋಡಿ."

ಪ್ರತಿ ಭಾನುವಾರ ಎಳೆದೆವು. ನಾವು ಒಂದು ಮಾರು ಎಳೆದರೆ ನೀರು ಹತ್ತು ಮಾರು ಓಡಿತು. ಕೊನೆಗೆ ಹಗ್ಗ ಹಿಡಿಯಲು ನಾನೊಬ್ಬನೇ ಉಳಿದೆ. ನಾನೂ ಹಿಡಿಯಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಸುಸ್ತಾಗಿ ದೋಣಿಯೊಳಗೆ ಕೂತಿದ್ದೆ. ಸರೋಜ ಮಕ್ಕಳನ್ನು ಕರೆದುಕೊಂಡು, ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡು ಬಂದಳು.

"ಎಲ್ಲಿಗೆ?"

"ಅಮ್ಮನ ಮನೆಗೆ. ಹಳೇ ದಾರಿ ಮೇಲೆದ್ದಿದೆ, ಕೆಸ್ರೂ ಒಣಗಿದೆ. ಬರ್ತೀರಾ?"

"ದೋಣಿ ಬಿಟ್ಟು ಹೆಂಗೆ ಬರ್ಲಿ?"

"ಅದೆಲ್ಲಿಗೂ ಹೋಗಲ್ಲ ಬಿಡಿ" ಎಂದು ಅವಳು ನಡೆದೇಬಿಟ್ಟಳು.

ಸಂಜೆ ಅವರನ್ನು ಬಿಡಲು ಅವಳ ತಮ್ಮನೂ ಜೊತೆಗೆ ನಡೆದು ಬಂದ. ಎಷ್ಟೋ ದಿನದ ಮೇಲೆ ಸರೋಜಳ ಮುಖ ಅರಳಿತ್ತು. ನಾನು ಇನ್ನೂ ದೋಣಿಯಲ್ಲೇ ಇದ್ದೆ. ಆತ ಸುತ್ತಲಿನ ಬಿರುಕುಬಿಟ್ಟ ನೆಲ ನೋಡಿ, ಬಹಳ ವಿನಯದಿಂದ ಕೇಳಿದ.

"ಬಾವಾ, ಇದು ಹೊರಡೋದು ಎಷ್ಟೊತ್ತಿಗೆ?"

ಎದ್ದೆ. ಒದ್ದೆಯಾಗಬಾರದೆಂದು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕೊಂಡು, ಜೋಪಾನವಾಗಿ ಒಣನೆಲಕ್ಕೆ ಇಳಿದೆ.