ಕೇಳಿಸಬಾರದ ಮಾತು

ಕಿವಿ ಮಂದವಾಗುವುದು ಮಂದವಾದವನಿಗೆ ಗೊತ್ತಾಗುವುದೇ ಇಲ್ಲ. ಅವನಿಗೆ ಲೋಕವೇ ಮೆತ್ತಗಾದಂತೆ ಕಾಣುತ್ತದೆ. ರಾಮದುರ್ಗದ ನಮ್ಮ ಓಣಿಯಲ್ಲಿ ಟ್ರ್ಯಾಕ್ಟರುಗಳು ಅರಳೆಯ ಮೇಲೆ ಉರುಳಿದಂತೆ ಹೋಗತೊಡಗಿದವು. ಗುಬ್ಬಿಗಳು ಸುಮ್ಮನೆ ಬಾಯಿ ತೆರೆದು ಮುಚ್ಚಿ ಹಾರಿಹೋಗುತ್ತಿದ್ದವು. ಮಂದಿಯ ತುಟಿಗಳನ್ನು ನೋಡುತ್ತ ಕಟ್ಟೆಯ ಮೇಲೆ ಕುಳಿತರೆ ಮಧ್ಯಾಹ್ನದ ಜೊಂಪಿನಲ್ಲಿ ಬೀಳುವ ಕನಸಿನೊಳಗೆ ಕುಳಿತಂತಿರುತ್ತಿತ್ತು. ಆಯುಷ್ಯವೆಲ್ಲ ಹುಡುಗರ ಗದ್ದಲದಲ್ಲಿ ಕಳೆದ ನನ್ನಂಥ ಮಾಸ್ತರನಿಗೆ ನಿವೃತ್ತಿಯಲ್ಲಿ ಇನ್ನೇನು ಬೇಕು?

ಆದರೆ ಈ ಸುಖ ನನಗೊಬ್ಬನಿಗೇ ಇತ್ತು. ಅಡುಗೆಮನೆಯಿಂದ ಹೆಂಡತಿ ಶಾಂತಾ "ಹಾಲು ಉಕ್ಕಿತು ನೋಡ್ರೀ!" ಎಂದು ಕೂಗಿದರೆ ನಾನು "ಇಷ್ಟ ಲಗೂನ ಸಾಲಿ ಬಿಟ್ಟಿತೇನು?" ಎನ್ನುತ್ತಿದ್ದೆ. ಡಾಕ್ಟರರ ಮಾತೆತ್ತಿದರೆ ಸಿಟ್ಟು ಬರುತ್ತಿತ್ತು. "ನನ್ನ ಕಿವಿಗೆ ಏನೂ ಆಗಿಲ್ಲ. ನೀವಽ ಬಾಯಾಗ ಹುಗ್ಗಿ ಇಟ್ಕೊಂಡು ಮಾತಾಡತೀರಿ" ಎನ್ನುತ್ತಿದ್ದೆ.

ಮಗಳು ಸುನಂದಾ ಹೈಸ್ಕೂಲಿನಲ್ಲಿ ಕಲಿಸುತ್ತಾಳೆ. ಊರಿನ ಹವ್ಯಾಸಿ ತಂಡಕ್ಕೆ ನಾಟಕವನ್ನೂ ಬರೆಯುತ್ತಾಳೆ. ಈ ಸಲ ಅವಳು ಬರೆದದ್ದು ಕಿವಿ ಕೇಳದ, ಕೇಳುವುದಿಲ್ಲವೆಂದು ಸುತರಾಂ ಒಪ್ಪದ ಅಪ್ಪನೊಬ್ಬನ ಕಥೆ. ಪಾತ್ರ ನನಗೇ ಬಂತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಇಂಥಾ ಹಟಮಾರಿ ಮುದುಕ ಎಲ್ಲಿ ಸಿಕ್ಕನವಾ ನಿನಗ?"

ಸುನಂದಾ ತಾಯಿಯ ಮುಖ ನೋಡಿದಳು. ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಇರತಾರ, ಅಲ್ಲೊಬ್ರು ಇಲ್ಲೊಬ್ರು" ಎಂದು ಗಟ್ಟಿಯಾಗಿಯೇ ಹೇಳಿದಳು.

ನಿರ್ದೇಶಕ ಬಸಪ್ಪ ನನಗೆ ನನ್ನ ಮಾತುಗಳನ್ನಷ್ಟೇ ಬರೆದುಕೊಟ್ಟಿದ್ದ. ಕೊನೆಯ ದೃಶ್ಯದಲ್ಲಿ ನನಗೆ ಮಾತೇ ಇರಲಿಲ್ಲ. ನಾನು ಪೇಪರ್ ಓದುತ್ತ ಕೂರಬೇಕು. ಮಗಳ ಪಾತ್ರದ ಸುನಂದಾ ನನ್ನ ಬೆನ್ನ ಹಿಂದೆ ನಿಂತು ಏನೋ ಹೇಳುತ್ತಾಳೆ. ಅಪ್ಪನಿಗೆ ಅದು ಕೇಳಿಸುವುದಿಲ್ಲ. ಅಲ್ಲಿಗೆ ಪರದೆ.

ರಾಮದುರ್ಗದ ಪ್ರದರ್ಶನದಲ್ಲಿ ನಾನು ಆರಾಮಾಗಿ ಪೇಪರ್ ಓದಿದೆ. ಪುಟ ತಿರುವುವಾಗ ನೋಡಿದರೆ ಮುಂದಿನ ಸಾಲಿನ ಹೆಣ್ಣುಮಕ್ಕಳೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಶಾಂತಾಳ ಸೆರಗೂ ಕಣ್ಣಿಗೆ ಹೋಗಿತ್ತು. ಪರದೆ ಬಿದ್ದೊಡನೆ ಬಸಪ್ಪ ನನ್ನನ್ನು ತಬ್ಬಿಕೊಂಡ. "ಏನ್ ನಟನಾರೀ ಸರ! ಕಣ್ಣರೆಪ್ಪಿ ಸೈತ ಅಳಗಾಡಲಿಲ್ಲ!"

ಮನೆಗೆ ಬಂದು ಸುನಂದಾಳನ್ನು ಕೇಳಿದೆ: "ನನ್ನ ಹಿಂದ ನಿಂತು ಏನಂದಿ?"

"ಏನಿಲ್ಲಪಾ. ನಾಟಕದ ಮಾತು."

ಶಾಂತಾಳೂ ಬಾಯಿ ಬಿಡಲಿಲ್ಲ. ಊರಿಗೆ ಊರೇ ಕೇಳಿ ಅತ್ತ ಮಾತು, ಅದೂ ನನ್ನ ಮಗಳು ನನ್ನ ಬೆನ್ನ ಹಿಂದೆಯೇ ನಿಂತು ಆಡಿದ್ದು, ನನಗೊಬ್ಬನಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಹಿತವಾಗಿದ್ದ ಮೌನ ಆವತ್ತು ಮುಳ್ಳಾಯಿತು. ಯಾರಿಗೂ ಹೇಳದೆ ಬೆಳಗಾವಿಗೆ ಹೋಗಿ ಕಿವಿಗೊಂದು ಮಷೀನು ಹಾಕಿಸಿಕೊಂಡು ಬಂದೆ. ಮನೆಯಲ್ಲಿ ಅದು ಜೇಬಿನಲ್ಲೇ ಇರುತ್ತಿತ್ತು.

ಮುಂದಿನ ಪ್ರದರ್ಶನ ಮನೋಳಿಯಲ್ಲಿ, ಹೊಳೆಯ ಸಮೀಪದ ಬಯಲಿನಲ್ಲಿ. ಪಾತ್ರಕ್ಕೆಂದು ತಲೆಗೆ ಸುತ್ತಿದ ರುಮಾಲಿನೊಳಗೆ ಮಷೀನು ಮರೆಯಾಗಿತ್ತು. ಸಂಜೆಯ ಗಾಳಿಗೆ ಪರದೆ ಪಟಪಟ ಎನ್ನುವುದು, ಯಾರದೋ ಕೂಸಿನ ಕೇಕೆ, ನನ್ನ ಕೈಯ ಪೇಪರಿನ ಸರಪರ, ಎಲ್ಲವೂ ಮರೆತ ಊರಿಗೆ ಮರಳಿ ಬಂದಂತೆ ಕೇಳಿಸುತ್ತಿದ್ದವು. ಆಮೇಲೆ ಬೆನ್ನ ಹಿಂದೆ ಸುನಂದಾಳ ಸಣ್ಣ ದನಿ.

"ಅಪ್ಪಾ, ನಿನಗ ಹೇಳೂದು ಭಾಳ ಇತ್ತು. ಒದರಿ ಹೇಳುವಂಥಾ ಮಾತಲ್ಲಪಾ ಅವು. ಹಿಂಗಾಗಿ ಯಾವುದೂ ಹೇಳಲಿಲ್ಲ."

ಪೇಪರು ಕೈಯಿಂದ ಜಾರಿತು. ನಾಟಕವೂ ಮರೆತುಹೋಯಿತು. ತಿರುಗಿ, "ಸಾವಕಾಶ ಹೇಳವಾ. ಕೇಳತೇನಿ" ಎಂದುಬಿಟ್ಟೆ.

ಮುಂದೆ ಸುನಂದಾಳಿಗೆ ಮಾತು ಬರೆದಿರಲಿಲ್ಲ. ಅಲ್ಲೇ ಕುಳಿತು ನನ್ನ ಮೊಣಕಾಲಿಗೆ ಹಣೆ ಹಚ್ಚಿ ಅಳತೊಡಗಿದಳು. ಬಸಪ್ಪ ಗಾಬರಿಯಾಗಿ ಪರದೆ ಎಳೆದ. ಪರದೆಯ ಹಿಂದೆ ಅವಳು ಬಹಳ ಹೊತ್ತು ಪಿಸುಗುಟ್ಟಿದಳು. ಏನು ಹೇಳಿದಳೆಂದು ಕೇಳಬೇಡಿ, ಅದು ನಮ್ಮಿಬ್ಬರ ಮಾತು. ಬಸಪ್ಪ ಮಾತ್ರ ಹಣೆ ಬಡಿದುಕೊಂಡ. "ಕೆಡಿಸಿದ್ರಲ್ಲರೀ ಸರ! ಮೊನ್ನೆ ಎಷ್ಟ ಛಲೋ ಮಾಡಿದ್ರಿ!"

ಈಗ ಆ ಪಾತ್ರ ಸಂಪಗಾಂವದ ನನ್ನ ಷಡ್ಡಕರ ಪಾಲಾಗಿದೆ. ಅವರಿಗೆ ಕಿವಿ ಮಂದ ಎಂದು ಊರಿಗೆಲ್ಲ ಗೊತ್ತು, ಅವರಿಗೆ ಮಾತ್ರ ಗೊತ್ತಿಲ್ಲ. ನನಗೆ ಪರದೆ ಎಳೆಯುವ ಕೆಲಸ. ಅವರ ಸಹಜ ಅಭಿನಯ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಮೊನ್ನೆ ಬೈಲಹೊಂಗಲದಲ್ಲಿ ಅವರನ್ನು ಬದಿಗೆ ಕರೆದು, "ಒಮ್ಮೆ ಕಿವಿ ತೋರಿಸ್ಕೊಂಡು ಬರ್ರಿ" ಎಂದೆ. "ಚಾ ಈಗಽ ಆತ್ರಿ" ಎಂದರು. ಎರಡನೆಯ ಸಲ ನಾನೂ ಹೇಳಲು ಹೋಗಲಿಲ್ಲ. ಇನ್ನೂ ಸವದತ್ತಿಯ ಪ್ರದರ್ಶನ ಬಾಕಿ ಇದೆ.