ಅಡುಗೆಮನೆಯ ಮೇಜಿನ ಮುಂದೆ ಬಾಯಿಬಿಟ್ಟದ್ದು

ಯಾರಾದರೂ ಮನೆಗೆ ಬಂದು "ಹೇಗಿದ್ದೀರಿ?" ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಧೈರ್ಯ ನನಗೂ ಇಲ್ಲ, ನನ್ನ ಹೆಂಡತಿ ಶೈಲಜಾಳಿಗೂ ಇಲ್ಲ. ಜ್ವರದಲ್ಲಿ ನಡುಗುತ್ತಿದ್ದರೂ "ಆರಾಮ್" ಎಂದುಬಿಡುತ್ತೇವೆ. ಮೈಸೂರಿನಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಡಚ್ಚರ ನಾಡಿಗೆ, ಯುಟ್ರೆಕ್ಟ್ ನಗರದ ಪಕ್ಕದ ಈ ಊರಿಗೆ ಬಂದ ಮೇಲೆ ಇದೇ ಗುಣ ಅವಳನ್ನು ಮೆಟ್ಟಿಲ ಬುಡದಲ್ಲೇ ಕೂರಿಸುವುದರಲ್ಲಿತ್ತು.

ಇಲ್ಲಿನ ಮನೆಗಳ ಮೆಟ್ಟಿಲು ಕಟ್ಟಿದವರು ಏಣಿಯನ್ನು ನೋಡಿಕೊಂಡೇ ಕಟ್ಟಿರಬೇಕು. ಶೈಲಜಾಳ ಮಂಡಿಗಳಿಗೆ ಸಂಧಿವಾತ ಬಂದ ಮೇಲೆ ಮಹಡಿಯ ಮಲಗುವ ಕೋಣೆ ಅವಳಿಗೆ ಪರದೇಶವಾಯಿತು. ಮೂರು ತಿಂಗಳಿಂದ ಕೆಳಗಿನ ಸೋಫಾದ ಮೇಲೇ ನಿದ್ದೆ. ಬಚ್ಚಲೂ ಮಹಡಿಯಲ್ಲೇ ಇದ್ದುದರಿಂದ, ಸ್ನಾನಕ್ಕೆಂದು ಮೆಟ್ಟಿಲ ಮೇಲೆ ಕೂತು, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಸರಿಯುತ್ತ ಹತ್ತುತ್ತಿದ್ದಳು.

ಇಂಥದ್ದಕ್ಕೆ ಗೆಮೇಂಟೆ, ಅಂದರೆ ಇಲ್ಲಿಯ ನಗರಸಭೆ, ನೆರವು ಕೊಡುತ್ತದೆ. ಕೂತವರನ್ನು ಮೆಟ್ಟಿಲ ಮೇಲೆ ಒಯ್ಯುವ ಕುರ್ಚಿಯನ್ನೂ, ಮನೆ ಗುಡಿಸಿ ಒರೆಸುವವರನ್ನೂ ಟೆಂಡರ್ ಕರೆದು ಆರಿಸಿಕೊಂಡ ಸಂಸ್ಥೆಗಳಿಂದ ಕಳಿಸಿಕೊಡುತ್ತದೆ. ನಾನು ಎರಡಕ್ಕೂ ಅರ್ಜಿ ಹಾಕಿದೆ. ಆದರೆ ಅರ್ಜಿಯೊಂದೇ ಸಾಲದು. ಅವರ ಕಡೆಯವರೊಬ್ಬರು ಬಂದು, ಅಡುಗೆಮನೆಯ ಮೇಜಿನ ಮುಂದೆ ಕೂತು, ಕಷ್ಟಸುಖ ವಿಚಾರಿಸಿಯೇ ತೀರ್ಮಾನ ಮಾಡುವುದು.

ಬಂದವಳು ಮಾರೈಕೆ ಎಂಬ ನಗುಮುಖದ ಹೆಂಗಸು. ಶೈಲಜಾ ಅಷ್ಟರಲ್ಲಿ ಸೋಫಾದ ದಿಂಬು, ಹೊದಿಕೆಗಳನ್ನೆಲ್ಲ ಬೀರುವಿಗೆ ತುರುಕಿ, ನೋಯುವ ಕಾಲಲ್ಲೇ ನಿಂತು ಉಪ್ಪಿಟ್ಟು ಮಾಡಿ ಮುಗಿಸಿದ್ದಳು. "ಮೆಟ್ಟಿಲು ಹತ್ತಲು ಆಗುತ್ತದೆಯೇ?" ಎಂದು ಮಾರೈಕೆ ಇಂಗ್ಲಿಷಿನಲ್ಲಿ ಕೇಳಿದಳು. "ಏನೂ ಪರವಾಗಿಲ್ಲ, ನಿಧಾನಕ್ಕೆ ಹತ್ತುತ್ತೇನೆ. ಇನ್ನೊಂದು ಚಮಚ ಉಪ್ಪಿಟ್ಟು?" ಎಂದಳು ಇವಳು. ಮಾರೈಕೆ ಅದನ್ನೇ ಬರೆದುಕೊಂಡಳು. ನಿಜ ಹೇಳೆಂದು ನಾನು ಶೈಲಜಾಳಿಗೆ ಕಣ್ಸನ್ನೆ ಮಾಡಿದೆ, ಅವಳು ಉಪ್ಪಿನಕಾಯಿ ಬೇಕೇನೋ ಎಂದು ಬಾಟಲಿಯನ್ನು ನನ್ನತ್ತ ಸರಿಸಿದಳು.

ಆಮೇಲೆ ಮಾರೈಕೆ ನನ್ನ ಕಡೆ ತಿರುಗಿ, "ಮನೆಗೆಲಸ ಯಾರು ಮಾಡುತ್ತೀರಿ?" ಎಂದಳು. ಸುಮ್ಮನಿರಬಹುದಿತ್ತು. "ಎಲ್ಲ ನಾನೇ! ಗುಡಿಸುವುದು, ಒರೆಸುವುದು, ಬಟ್ಟೆ ಒಗೆಯುವುದು, ಎಲ್ಲ" ಎಂದು ಎದೆಯುಬ್ಬಿಸಿ ಹೇಳಿಬಿಟ್ಟೆ.

ಶೈಲಜಾಳ ಸೌಜನ್ಯ ಅಲ್ಲಿಗೆ ಮುಗಿಯಿತು. "ಏನ್ರೀ, ನೀವಾ? ವ್ಯಾಕ್ಯೂಮ್ ಕ್ಲೀನರ್ ಎಲ್ಲಿಟ್ಟಿದೀವಿ ಅಂತನಾದ್ರೂ ಗೊತ್ತಾ ನಿಮ್ಗೆ?" ಎಂದು ನನ್ನನ್ನು ಕನ್ನಡದಲ್ಲಿ ಜಾಡಿಸಿ, ಮಾರೈಕೆಗೆ ಇಂಗ್ಲಿಷಿನಲ್ಲಿ ಎಲ್ಲ ಒದರಿದಳು. ಮೂರು ತಿಂಗಳ ಸೋಫಾ, ಕೂತು ಹತ್ತುವ ಮೆಟ್ಟಿಲು, ಮೇಲಿನಿಂದ ಶಾಲು ತನ್ನಿ ಎಂದರೆ ಕಿಟಕಿಯ ಪರದೆ ತಂದ ಗಂಡ, ಯಾವುದನ್ನೂ ಬಿಡಲಿಲ್ಲ. ಸಾಕ್ಷಿಗೆಂದು ಬೀರು ತೆರೆದರೆ ದಿಂಬುಗಳು ಮಾರೈಕೆಯ ಕಾಲ ಮೇಲೆ ಬಿದ್ದವು. ಅವಳು ಮೊದಲು ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆಯತೊಡಗಿದಳು. ಹೊರಗಿನವರ ಮುಂದೆ ಬೈಸಿಕೊಂಡು ಮನಸ್ಸು ಅಷ್ಟು ಹಗುರಾದದ್ದು ನನಗೆ ಅದೇ ಮೊದಲು.

ಕೆಲವು ವಾರಗಳಲ್ಲಿ ಪತ್ರ ಬಂತು, ಹಿಂದೆಯೇ ಕುರ್ಚಿಯೂ ಬಂತು. ಅವತ್ತು ಶೈಲಜಾ ತನ್ನ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದನ್ನು ಕಂಡು, ಸದ್ಯ ಬದುಕಿದೆವು ಎಂದುಕೊಂಡೆ. ಪತ್ರದ ಎರಡನೆಯ ಪುಟ ಓದಿದ್ದು ಆಮೇಲೆ. ಮನೆಗೆಲಸಕ್ಕೆ ಜನ ಕಳಿಸುವುದಿಲ್ಲವಂತೆ: "ಎಲ್ಲ ಕೆಲಸವನ್ನೂ ತಾವೇ ಮಾಡುವುದಾಗಿ ಪತಿ ಹೇಳಿದ್ದಾರೆ. ಪತ್ನಿ ಅದನ್ನು ಒಪ್ಪಿಲ್ಲ. ಆದರೂ ಪತಿ ಆರೋಗ್ಯವಂತರು, ಕಲಿಯಬಲ್ಲರು."

ಹೀಗೆ ಟೆಂಡರನ್ನೇ ಕರೆಯದೆ ನಗರಸಭೆ ನನ್ನನ್ನು ನೇಮಿಸಿಕೊಂಡಿತು. ಈಗ ಪ್ರತಿ ಶನಿವಾರ ನಾನು ಬಗ್ಗಿ ಮೆಟ್ಟಿಲು ಒರೆಸುತ್ತ ಹೋದರೆ, ಶೈಲಜಾ ಕುರ್ಚಿಯಲ್ಲಿ ಕೂತು ನನ್ನ ಪಕ್ಕದಲ್ಲೇ ನಿಧಾನವಾಗಿ ಮೇಲೇರುತ್ತಾಳೆ. "ರೀ, ಆ ಮೂಲೆ ಬಿಟ್ರಲ್ಲಾ" ಎಂದು ಗುಂಡಿ ಒತ್ತಿ ಕುರ್ಚಿ ನಿಲ್ಲಿಸಿ, ನಾನು ಒರೆಸುವವರೆಗೂ ಕಾಯುತ್ತಾಳೆ.