ಕಾಕಾನ ಕೊಡಲಿ

ತನ್ನ ಊರಿನ ಹೆಸರು ಹೇಳುವಾಗ ಮನುಷ್ಯನ ಎದೆ ಉಬ್ಬಬೇಕಂತೆ. ನಾನು ವಿಜಯಪುರ ಜಿಲ್ಲೆಯ ಇಂಡಿಯವನು ಎಂದು ಹೇಳಿದರೆ ನನ್ನ ಎದೆ ಉಬ್ಬುವ ಮೊದಲೇ ಎದುರಿನವರ ಹುಬ್ಬು ಮೇಲೇರುತ್ತದೆ. "ಓ, ಭೀಮಾ ತೀರ!" ಎಂದು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ನಾನೋ ಐದಡಿ ಮೂರಂಗುಲದ, ಸಕ್ಕರೆ ಕಾಯಿಲೆಯ, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದ ಮನುಷ್ಯ. ಸೇವೆಯಲ್ಲಿದ್ದಷ್ಟು ದಿನ ನನಗೆ ಹುಡುಗರು ಹೆದರಲಿಲ್ಲ, ಈಗ ಓಣಿಯ ನಾಯಿಯೂ ಹೆದರುವುದಿಲ್ಲ. ಆದರೆ ರೈಲಿನಲ್ಲಿ ಊರು ಯಾವುದೆಂದು ಹೇಳಿದ ಮೇಲೆ ಎದುರಿನ ಸೀಟಿನವರು ತಮ್ಮ ಚೀಲವನ್ನು ಮೆಲ್ಲಗೆ ಕಾಲ ಬುಡಕ್ಕೆ ಎಳೆದುಕೊಳ್ಳುತ್ತಾರೆ. ನಮ್ಮ ಇಂಡಿಯ ನಿಂಬೆಹಣ್ಣು ಎಲ್ಲೆಲ್ಲೋ ಹೋಗುತ್ತದೆ. ಅದನ್ನು ಹಿಂಡಿ ಶರಬತ್ತು ಕುಡಿಯುವಾಗ ಯಾರಿಗೂ ಭಯವಿಲ್ಲ, ಅದನ್ನು ಬೆಳೆದವನು ಪಕ್ಕದಲ್ಲಿ ಕುಳಿತರೆ ಮಾತ್ರ ಭಯ.

ಇದಕ್ಕೆಲ್ಲ ಪತ್ರಿಕೆಯವರು, ಟಿವಿಯವರು ಕಾರಣ ಎಂದು ನಾನು ಬಹಳ ವರ್ಷ ಬೈದುಕೊಂಡು ಬಂದೆ. ಬೇರೆ ಊರಿನಲ್ಲಿ ಇಬ್ಬರು ಬಡಿದಾಡಿದರೆ ಅದು ಜಗಳ. ನಮ್ಮಲ್ಲಿ ಬಡಿದಾಡಿದರೆ "ಭೀಮಾ ತೀರದಲ್ಲಿ ಮತ್ತೆ" ಎಂದು ಬರೆದು ಮುಂದೆ ಮೂರು ಚುಕ್ಕಿ. ಹಾಗಂತ ನಮ್ಮವರೇನೂ ಕಡಿಮೆಯಿಲ್ಲ. ನನ್ನ ಹೆಂಡತಿ ಕಸ್ತೂರಿಯ ತವರು ಮುದ್ದೇಬಿಹಾಳ. ಮಗಳನ್ನು ಕೊಡುವ ಮುಂಚೆ ನನ್ನ ಮಾವನವರು ಬಸವನ ಬಾಗೇವಾಡಿಯ ಬೀಗರನ್ನು ವಿಚಾರಿಸಿದರಂತೆ. ಅವರು "ಇಂಡಿ ಕಡಿ ಸ್ವಲ್ಪ ನೋಡಿ ಕೊಡ್ರಿ" ಅಂದರು. ಇಂಡಿಗೆ ಬಂದು ಕೇಳಿದರೆ ನಮ್ಮ ಓಣಿಯವರು "ನಮ್ಮಲ್ಲಿ ಏನೂ ಇಲ್ರಿ, ಅದೆಲ್ಲಾ ಸಿಂದಗಿ ಕಡಿ" ಅಂದರು. ಸಿಂದಗಿಯವರು ಹೊಳೆಯ ಆಚೆ ದಂಡೆಗೆ ಕೈ ತೋರಿಸಿದರು. ನಾನೊಮ್ಮೆ ಹೊಳೆ ದಾಟಿ ಹೋದಾಗ ಅಲ್ಲಿಯವರನ್ನೂ ಕೇಳಿದೆ. ಅವರು ನಾನು ಬಂದ ದಿಕ್ಕನ್ನೇ ತೋರಿಸಿದರು.

ಇದೆಲ್ಲ ನಗುವ ಮಾತು. ನನಗೆ ನಗು ನಿಂತದ್ದು ಸಿದ್ದರಾಜುವಿನ ವಿಷಯದಲ್ಲಿ. ಸಿದ್ದರಾಜು ಮೈಸೂರು ಕಡೆಯ ಹಳ್ಳಿಯವನು. ಬಿ.ಎಡ್. ಓದುವಾಗ ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ಆಮೇಲೆ ನಾನು ಅವನ ಮನೆಗೆ ಹೋದದ್ದಕ್ಕೆ ಲೆಕ್ಕವಿಲ್ಲ. ಅವನು ನಮ್ಮ ಮನೆಗೆ ಒಂದು ಸಲವೂ ಬರಲಿಲ್ಲ. "ಬರೋಣ, ಬರೋಣ" ಎನ್ನುತ್ತಲೇ ಇಬ್ಬರ ತಲೆಯೂ ಬೆಳ್ಳಗಾಯಿತು. ಕೆಲವು ವರ್ಷಗಳ ಹಿಂದೆ ಕಸ್ತೂರಿಯ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಗಬೇಕಾಯಿತು. ಸಿದ್ದರಾಜು ತನಗೆ ಗೊತ್ತಿದ್ದ ಡಾಕ್ಟರಿಗೆ ತೋರಿಸಿ, ಒಂದೂವರೆ ತಿಂಗಳು ನಮ್ಮನ್ನು ಮನೆಯಲ್ಲಿಟ್ಟುಕೊಂಡ. ಅವನ ಹೆಂಡತಿ ಮಂಜುಳಾ ದಿನಾ ಬೆಳಿಗ್ಗೆ ಕಸ್ತೂರಿಯನ್ನು ಎಬ್ಬಿಸಿ ಕೂರಿಸಿ, ತಲೆ ಬಾಚಿ ಜಡೆ ಹಾಕುತ್ತಿದ್ದರು. ಅದು ಕಸ್ತೂರಿಯ ಮನಸ್ಸಿನಲ್ಲಿ ಕುಳಿತುಬಿಟ್ಟಿತು. "ಆಕಿ ನನ್ನ ತಲಿ ಬಾಚ್ಯಾಳ್ರಿ. ನನ್ನ ಹೊಲದಾಗ ಕೂತು, ನನ್ನ ಕೈಲೆ ಒಂದು ತುತ್ತು ಉಂಡು ಹೋಗಬೇಕ ಆಕಿ. ಅಷ್ಟ ಮತ್ತ" ಎಂದು ವರ್ಷಕ್ಕೆ ನಾಲ್ಕು ಸಲ ಹೇಳುತ್ತಿದ್ದಳು.

ಕೊನೆಗೆ ಈ ವರ್ಷ ಅವರು ಒಪ್ಪಿದರು. ಎಳ್ಳ ಅಮಾವಾಸ್ಯೆಗೆ ಬನ್ನಿ ಎಂದು ಕರೆದೆ. ನಮ್ಮ ಕಡೆ ಅದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಚರಗ ಚೆಲ್ಲಿ, ಅಂದರೆ ಮಾಡಿದ ಅಡುಗೆಯನ್ನು ಮೊದಲು ಭೂಮಿತಾಯಿಗೆ ಉಣ್ಣಿಸಿ, ಆಮೇಲೆ ಹತ್ತಾರು ಜನ ಕೂತು ಉಣ್ಣುವ ದಿನ. ಫೋನಿನ ಆ ಕಡೆಯಿಂದ ಮಂಜುಳಾ, "ಅಮಾವಾಸ್ಯೆ ದಿನ ಯಾರಾದ್ರೂ ಊಟಕ್ಕೆ ಕರೀತಾರಾ ಅಣ್ಣಾ? ಪ್ರಯಾಣ ಮಾಡಬಾರದಲ್ವಾ?" ಅಂದರು. ಹಿಂದಿನ ದಿನವೇ ವಿಜಯಪುರಕ್ಕೆ ಬಂದು ಗೋಳಗುಮ್ಮಟ ನೋಡಿಕೊಂಡಿರಿ ಎಂದೆ. "ಬಿಸಿಲು ತಡೆಯೋಕಾಗುತ್ತಾ?" ಎಂದರು. ಆಗ ನಾನು ಚಳಿಗೆ ಮಫ್ಲರ್ ಸುತ್ತಿಕೊಂಡು ಮಾತಾಡುತ್ತಿದ್ದೆ. ನೀರು ಹೇಗೆ, ಖಾರ ಎಷ್ಟು, ದಾರಿಯಲ್ಲಿ ಗಾಡಿ ಕೆಟ್ಟರೆ ಇಳಿಯಬಹುದೇ, ಹೀಗೆ ಪ್ರಶ್ನೆಗಳು ಬರುತ್ತಲೇ ಇದ್ದವು. ಅವರ ಬಡಾವಣೆಯ ಹಿಂದೆಯೇ ಚಿರತೆ ಓಡಾಡುತ್ತದೆ ಎಂದು ಅವರೇ ಒಮ್ಮೆ ಹೇಳಿದ್ದರು. ಅಲ್ಲಿಗೆ ನಾನು ಚಪ್ಪಲಿ ಮೆಟ್ಟಿಕೊಂಡು ವಾಕಿಂಗ್ ಹೋಗಿ ಬಂದವನು. ನಾನೇನಾದರೂ ಕೇಳಿದ್ದೆನೇ?

ಕಸ್ತೂರಿ ಮೂರು ದಿನ ಒಲೆ ಬಿಟ್ಟು ಏಳಲಿಲ್ಲ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಜೋಳದ ಕಡಬು, ಶೇಂಗಾ ಹೋಳಿಗೆ, ಎಣಗಾಯಿ, ಪುಂಡಿಪಲ್ಲೆ. ಎಣಗಾಯಿ ಮಾತ್ರ ಎರಡು ಬಗೆ, ಒಂದು ನಮಗೆ, ಇನ್ನೊಂದು ಖಾರವಿಲ್ಲದ್ದು ಮಂಜುಳಾ ಅವರಿಗೆ. ಅಮಾವಾಸ್ಯೆಯ ಬೆಳಿಗ್ಗೆ ಹೊಲದ ಬನ್ನಿಗಿಡದ ಕೆಳಗೆ ಕಸ ಗುಡಿಸಿ, ಮನೆಯ ಹೊಸ ಜಮಖಾನೆ ಹಾಸಿದಳು. ಅಷ್ಟರಲ್ಲಿ ಸಿದ್ದರಾಜುವಿನ ಫೋನು ಬಂತು. ಅವರ ಡ್ರೈವರ್ ವಿಜಯಪುರದ ಚಹಾದಂಗಡಿಯಲ್ಲಿ ದಾರಿ ಕೇಳಿದ್ದಾನೆ. ಯಾರೋ ಪುಣ್ಯಾತ್ಮ ಮೀಸೆ ತಿರುವಿ, "ಭೀಮಾ ತೀರಕ್ಕ ಹೊಂಟೀರೇನ್ರಿ? ಹುಷಾರಿ ಮತ್ತ!" ಎಂದು ನಕ್ಕಿದ್ದಾನೆ. "ಮಂಜುಳಾ ಬೇಡ ಅಂತಿದ್ದಾಳೆ ಕಣೋ ಬಿರಾದಾರ. ನಾವು ಊಟದ ಹೊತ್ತು ದಾಟಿದ ಮೇಲೆ ಬಾದಾಮಿ ಕಡೆ ಹೊರಟುಬಿಡ್ತೀವಿ. ನೀವೇ ನಮ್ಮ ಲಾಡ್ಜಿಗೆ ಬಂದುಬಿಡಿ" ಎಂದ ಸಿದ್ದರಾಜು.

ವಿಜಯಪುರದಿಂದ ನಮ್ಮ ಹೊಲಕ್ಕೆ ಅವನ ಕಾರಿನಲ್ಲಿ ಒಂದೂವರೆ ತಾಸಿನ ದಾರಿ. ನಾನು ಕಸ್ತೂರಿಗೆ ವಿಷಯ ತಿಳಿಸಿದೆ. ಅವಳು ಬೈಯಲಿಲ್ಲ. ಲಗುಬಗೆಯಿಂದ ಚರಗ ಚೆಲ್ಲಿಸಿ, ಜಮಖಾನೆ ಮಡಚಿ, ಬುತ್ತಿಯನ್ನು ಎರಡು ಚೀಲಕ್ಕೆ ತುಂಬಿ, "ನಡೀರಿ, ಬಸ್ ಹೋಗ್ತೈತಿ" ಅಂದಳು. ವಿಜಯಪುರದ ಲಾಡ್ಜಿನ ಮಂಚದ ಮೇಲೆ ಪೇಪರು ಹಾಸಿ ಅವಳು ಬಡಿಸಿದಳು. ಮಂಜುಳಾ ಪ್ರೀತಿಯಿಂದಲೇ ಉಂಡರು, ಸುಳ್ಳು ಹೇಳಬಾರದು. ಎರಡು ಹೋಳಿಗೆ ಕೇಳಿ ಹಾಕಿಸಿಕೊಂಡರು. ಕೈ ತೊಳೆದ ಮೇಲೆ ಕಸ್ತೂರಿಯ ಕೈ ಹಿಡಿದು, "ಇಷ್ಟು ಒಳ್ಳೆಯವರು ನೀವು, ಅಂಥ ಊರಲ್ಲಿ ಹೇಗಿದ್ದೀರಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು.

"ಎಂಥಾ ಊರಾಗ್ರಿ?" ಎಂದಳು ಕಸ್ತೂರಿ. "ನಮ್ಮೂರಾಗ ಏನು ಕಂಡು ಅಂಜೀರಿ ಅಷ್ಟು?"

"ಅಯ್ಯೋ, ನಿಮ್ಮ ಯಜಮಾನ್ರೇ ಹೇಳಿದ್ದಲ್ವಾ! ಅವರ ಚಿಕ್ಕಪ್ಪ ತಂಬಿಗೆ ಮುಟ್ಟಿದ್ದಕ್ಕೆ ಒಬ್ಬನ್ನ ಕೊಡಲಿ ಹಿಡ್ಕೊಂಡು ನದಿವರೆಗೂ ಅಟ್ಟಿಸಿಕೊಂಡು ಹೋದ್ರಂತೆ. ಅವನು ಮತ್ತೆ ಯಾರಿಗೂ ಕಾಣಿಸಲೇ ಇಲ್ವಂತೆ. ನಮ್ಮ ಮದುವೆಯಾದ ಹೊಸದರಲ್ಲಿ ಇವರು ನನಗೆ ಹೇಳಿದ ಮೊದಲ ಕಥೆನೇ ಅದು."

ಕಸ್ತೂರಿ ನನ್ನ ಕಡೆ ತಿರುಗಿದಳು. ನಾನು ಉಳಿದ ರೊಟ್ಟಿಯನ್ನು ಬಹಳ ಮುತುವರ್ಜಿಯಿಂದ ಚೀಲಕ್ಕೆ ತುಂಬತೊಡಗಿದೆ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹಾಸ್ಟೆಲಿನಲ್ಲಿ ನಾನು "ಐತ್ರಿ, ಬರ್ತೇನ್ರಿ" ಎಂದು ಬಾಯಿ ತೆರೆದರೆ ಸಾಕು, ಎಲ್ಲರೂ ಅಣಕಿಸಿ ನಗುತ್ತಿದ್ದರು. ನಾನು ಸ್ನಾನಕ್ಕೆ ತುಂಬಿಟ್ಟ ಬಕೆಟ್ಟನ್ನು ದಿನಾ ಯಾರೋ ಎತ್ತಿಕೊಂಡು ಹೋಗುತ್ತಿದ್ದರು. ಕೇಳಿದರೆ ಮತ್ತೆ ನಗು. ನನಗೆ ಅವಮಾನದಿಂದ ಅಳು ಬರುತ್ತಿತ್ತು. ಒಂದು ದಿನ ತಡೆಯಲಾರದೆ, ಕಥೆಯೊಂದನ್ನು ಕಟ್ಟಿ ನಮ್ಮ ಕಾಕಾನ ಕೈಗೆ ಕೊಡಲಿ ಕೊಟ್ಟೆ. ಅಂದಿನಿಂದ ವರ್ಷವಿಡೀ ನನ್ನ ಬಕೆಟ್ಟನ್ನು ಯಾರೂ ಮುಟ್ಟಲಿಲ್ಲ. ಆ ರುಚಿ ಹತ್ತಿ ಇನ್ನೂ ನಾಲ್ಕಾರು ಕಥೆ ಸೇರಿಸಿದೆ. ಪತ್ರಿಕೆಯವರು ಬರೆಯುವುದಕ್ಕಿಂತ ಮೊದಲೇ, ಬರಿಯ ಒಂದು ಬಕೆಟ್ ನೀರಿಗಾಗಿ, ನನ್ನೂರಿನ ಹೆಸರನ್ನು ನಾನೇ ಕೆಡಿಸಿ ಬಂದಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕಸ್ತೂರಿ ಅರ್ಧ ದಾರಿ ಕಿಟಕಿಯ ಹೊರಗೇ ನೋಡಿದಳು. ಆಮೇಲೆ, "ಲಾಡ್ಜಿನ್ಯಾಗ ಬಡಸೂದು ಒಂದು ಬಡಸೂದೇನ್ರಿ?" ಎಂದಳು. ನನ್ನ ಕಡೆ ತಿರುಗಿ, "ನನ್ನ ತವರಿಗೆ ಕಳಸಾಕ ಬಂದು ಬಸ್ ಸ್ಟ್ಯಾಂಡಿನ್ಯಾಗ ಅಳತಿದ್ದ ಮನಷ್ಯಾರಿ ಕಾಕಾ. ಅವರ ಕೈಯಾಗ ಕೊಡ್ಲಿ ಕೊಟ್ರಿ?" ಅಂದಳು. ಕಾಕಾ ತೀರಿಹೋಗಿ ಬಹಳ ವರ್ಷವಾಯಿತು. ಲಚ್ಯಾಣದ ಮಠಕ್ಕೆ ಹೋಗಿ ಭಜನೆ ಹಾಡಿ ಬರುತ್ತಿದ್ದ ಜೀವ ಅದು. ಮನೆಯಲ್ಲಿ ಚೇಳು ಕಂಡರೆ ಕಸಬರಿಗೆಯ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು, "ಹೋಗಪಾ, ಸಾವಕಾಶ ಹೋಗು" ಎನ್ನುತ್ತಿದ್ದರು. ಅವರನ್ನು ನೆನೆದು ನನಗೆ ನಿಜವಾಗಿಯೂ ನಾಚಿಕೆಯಾಯಿತು. ನನಗೆ ಕಸ್ತೂರಿಯ ಮುಖ ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಚಹಾ ಕೊಡುವ ಮೊದಲು ಎರಡು ಮಾತು ತೆಗೆದುಕೊಂಡಳು. ಒಂದು, ಈ ಜನ್ಮದಲ್ಲಿ ನಾನು ಇನ್ನು ಸುಳ್ಳು ಹೇಳಕೂಡದು. ಇನ್ನೊಂದು, ಈಗಲೇ ಫೋನ್ ಹಚ್ಚಿ ಖರೇ ಸಂಗತಿ ತಿಳಿಸಬೇಕು. "ಮುಂದಿನ ಎಳ್ಳ ಅಮಾಸಿಗೆ ಆಕಿ ಬನ್ನಿಗಿಡದ ಬುಡಕ ಕೂತು ಉಣಬೇಕು. ಹಚ್ರಿ" ಎಂದಳು.

ಹಚ್ಚಿದೆ. ಕಾಕಾನ ಭಜನೆ, ಚೇಳು, ಕಸಬರಿಗೆ, ಬಕೆಟ್ಟು, ಒಂದೂ ಬಿಡದೆ ಹೇಳಿದೆ. ಕೊಡಲಿ ಇರಲೇ ಇಲ್ಲ ಎಂದೆ. ಸಿದ್ದರಾಜು ಎಲ್ಲ ಕೇಳಿಸಿಕೊಂಡು, "ಲೋ, ನಮಗೆ ಧೈರ್ಯ ತುಂಬೋಕೆ ಈ ವಯಸ್ಸಲ್ಲಿ ಇಷ್ಟೊಂದು ಸುಳ್ಳು ಹೇಳ್ಬೇಡ ಕಣೋ. ನನಗೆ ಅರ್ಥ ಆಗುತ್ತೆ" ಎಂದ. ಅಷ್ಟು ವರ್ಷ ನನ್ನ ಸುಳ್ಳನ್ನು ದೇವರ ವಾಕ್ಯದಂತೆ ನಂಬಿದವನು ನನ್ನ ಒಂದೇ ಒಂದು ನಿಜವನ್ನು ನಂಬಲಿಲ್ಲ. ನಾನು ಆಣೆ ಹಾಕಿದೆ. ಆಗ ಮಂಜುಳಾ ಅವನ ಕೈಯಿಂದ ಫೋನ್ ಇಸಕೊಂಡು, ದನಿ ತಗ್ಗಿಸಿ ಕೇಳಿದರು: "ಅಣ್ಣಾ, ಯಾರಾದ್ರೂ ಪಕ್ಕದಲ್ಲಿ ನಿಂತ್ಕೊಂಡು, ಹೆದರಿಸಿ ಹೀಗೆಲ್ಲ ಹೇಳಿಸ್ತಿದ್ದಾರಾ? ಏನೂ ವಿವರ ಬೇಡ. ಹೌದು ಅಂದ್ರೆ ಸಾಕು."

ಕಸ್ತೂರಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲೇ ನಿಂತಿದ್ದಳು. ಇನ್ನು ಸುಳ್ಳು ಹೇಳುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟು ಅರ್ಧ ತಾಸೂ ಆಗಿರಲಿಲ್ಲ.

"ಹೌದ್ರಿ" ಅಂದೆ.